ಬಿದ್ದ ಕ್ರೆಡಿಟ್ ಸ್ಕೋರನ್ನು ಒಂದು ಸಣ್ಣ ಕಾರ್ಡಿನಿಂದ ಮೇಲೆತ್ತುವುದು ಹೇಗೆ?

ಕಂತು ತಪ್ಪಿಸಿದವರೆಲ್ಲ ಮೋಸಗಾರರಲ್ಲ. ಕೆಲಸ ಹೋಗಿರುತ್ತದೆ, ಮನೆಯಲ್ಲಿ ಯಾರಿಗೋ ಕಾಯಿಲೆ ಬಂದಿರುತ್ತದೆ, ಇಲ್ಲವೇ ನಂಬಿದವರಿಗೆ ಜಾಮೀನು ನಿಂತು ಸಿಕ್ಕಿಬಿದ್ದಿರುತ್ತಾರೆ. ಆದರೆ ನಿಮ್ಮ ಸಾಲದ ದಾಖಲೆ ಇಟ್ಟು ಅದರ ಮೇಲೆ ಸ್ಕೋರ್ ಕೊಡುವ ಕ್ರೆಡಿಟ್ ಬ್ಯೂರೋಗೆ ಈ ಕಾರಣಗಳು ಯಾವುವೂ ಗೊತ್ತಾಗುವುದಿಲ್ಲ. ಹಣ ಯಾವತ್ತು ಬರಬೇಕಿತ್ತು, ಯಾವತ್ತು ಬಂತು, ಇನ್ನೆಷ್ಟು ಬಾಕಿ ಇದೆ ಎಂಬುದಷ್ಟೇ ಅದಕ್ಕೆ ಕಾಣುವುದು.

ಹಾಗಾಗಿ ಹೋದ ಹೆಸರನ್ನು ವಾಪಸ್ ಪಡೆಯಲು ದೊಡ್ಡ ಸಂಬಳ ಬೇಕಿಲ್ಲ, ದೊಡ್ಡ ಖರ್ಚಂತೂ ಬೇಡವೇ ಬೇಡ. ಕಡಿಮೆ ಲಿಮಿಟ್ಟಿನ ಒಂದು ಕ್ರೆಡಿಟ್ ಕಾರ್ಡ್ ಸಾಕು. ಅದನ್ನು ಸಾಲ ಪಡೆಯಲು ಅಲ್ಲ, ಹೊಸ ದಾಖಲೆ ಬರೆಸಲು ಬಳಸಬೇಕು. ಈ ಒಂದು ಮಾತು ತಲೆಯಲ್ಲಿದ್ದರೆ ಮುಂದಿನ ಹೆಜ್ಜೆಗಳೆಲ್ಲ ಸುಲಭ.

ಮೊದಲು ವರದಿ ತರಿಸಿ ಓದಿ

ಕಾರ್ಡಿಗೆ ಅರ್ಜಿ ಹಾಕುವ ಮುಂಚೆ ನಿಮ್ಮ ಕ್ರೆಡಿಟ್ ವರದಿ ನೋಡಿ. ಬರೀ ಸ್ಕೋರ್ ಅಲ್ಲ, ಪೂರ್ತಿ ವರದಿ. ಭಾರತದಲ್ಲಿ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈ ಮಾರ್ಕ್ ಎಂಬ ನಾಲ್ಕು ಬ್ಯೂರೋಗಳಿವೆ. ಒಂದೊಂದೂ ವರ್ಷಕ್ಕೊಮ್ಮೆ ಪೂರ್ತಿ ವರದಿಯನ್ನು ಉಚಿತವಾಗಿ ಕೊಡಲೇಬೇಕು. ಅಮೆರಿಕದಲ್ಲಿ ಇರುವವರಿಗೆ ಮೂರು ಬ್ಯೂರೋಗಳ ವರದಿ ವಾರಕ್ಕೊಮ್ಮೆ ಉಚಿತವಾಗಿ ಸಿಗುತ್ತದೆ. ನಿಮ್ಮ ವರದಿಯನ್ನು ನೀವೇ ನೋಡಿದರೆ ಸ್ಕೋರ್ ಇಳಿಯುವುದಿಲ್ಲ. ಈ ಭಯದಿಂದಲೇ ಎಷ್ಟೋ ಜನ ನೋಡದೆ ಬಿಡುತ್ತಾರೆ.

ವರದಿಯಲ್ಲಿ ಏನು ಹುಡುಕಬೇಕು? ನಿಮ್ಮದಲ್ಲದ ಸಾಲ ಇದೆಯೇ ನೋಡಿ. ತೀರಿಸಿದ ಸಾಲ ಇನ್ನೂ ಬಾಕಿ ಎಂದು ಕಾಣುತ್ತಿದೆಯೇ, ಹೆಸರು, ಹುಟ್ಟಿದ ದಿನ ಸರಿ ಇದೆಯೇ ನೋಡಿ. ಸಿಬಿಲ್ ವರದಿಯಲ್ಲಿ ಪ್ರತಿ ಸಾಲದ ಕೆಳಗೂ 36 ತಿಂಗಳವರೆಗಿನ ಪಾವತಿ ಲೆಕ್ಕ ಇರುತ್ತದೆ. ಯಾವ ತಿಂಗಳು ಎಷ್ಟು ದಿನ ತಡವಾಯಿತು ಎಂಬುದು ಅಲ್ಲಿ ಕಾಣುತ್ತದೆ. ಅದನ್ನು ನಿಮ್ಮ ಬ್ಯಾಂಕ್ ಪಾಸ್‌ಬುಕ್ ಪಕ್ಕದಲ್ಲಿಟ್ಟು ತಾಳೆ ಹಾಕಿ.

ತಪ್ಪು ಕಂಡರೆ ಬ್ಯೂರೋದ ವೆಬ್‌ಸೈಟಿನಲ್ಲೇ ದೂರು ಕೊಡಬಹುದು. ಇದಕ್ಕೆ ಯಾವ ಏಜೆಂಟನೂ ಬೇಕಿಲ್ಲ. ಭಾರತದಲ್ಲಿ 30 ದಿನದೊಳಗೆ ಅದು ಇತ್ಯರ್ಥವಾಗಬೇಕು. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕೆಂಬ ನಿಯಮ 2024ರಿಂದ ಜಾರಿಯಲ್ಲಿದೆ. ಇನ್ನು, ನಿಜವಾಗಿಯೂ ತಡವಾಗಿದ್ದ ಪಾವತಿಯನ್ನು ದುಡ್ಡು ಕೊಟ್ಟರೆ ಅಳಿಸಿಕೊಡುತ್ತೇವೆ ಎನ್ನುವವರನ್ನು ದಯವಿಟ್ಟು ನಂಬಬೇಡಿ. ಸರಿಯಾದ ದಾಖಲೆಯನ್ನು ಅಳಿಸಲು ಯಾರಿಗೂ ಬರುವುದಿಲ್ಲ.

ಹಳೆಯ ಬಾಕಿಗೆ ಒಂದು ದಾರಿ ಮಾಡಿ

ಹಳೆಯ ಸಾಲ ಇನ್ನೂ ತೂಗುತ್ತಿದ್ದರೆ ಹೊಸ ಕಾರ್ಡಿನಿಂದ ಹೆಚ್ಚು ಪ್ರಯೋಜನವಿಲ್ಲ. ಇಲ್ಲಿ ಒಂದು ವಿಷಯ ಚೆನ್ನಾಗಿ ತಿಳಿದಿರಲಿ. ಬ್ಯಾಂಕ್ ಅರ್ಧಕ್ಕೋ ಮುಕ್ಕಾಲಿಗೋ ಒಪ್ಪಿಕೊಂಡು ಸಾಲ ಮುಗಿಸಿದರೆ ವರದಿಯಲ್ಲಿ ‘ಸೆಟಲ್ಡ್’ ಎಂದು ಬೀಳುತ್ತದೆ. ಪೂರ್ತಿ ತೀರಿಸಿದರೆ ‘ಕ್ಲೋಸ್ಡ್’ ಎಂದಾಗುತ್ತದೆ. ಮುಂದೆ ಸಾಲ ಕೊಡುವವರ ಕಣ್ಣಿಗೆ ಇವೆರಡೂ ಒಂದೇ ಅಲ್ಲ. ಮೊದಲನೆಯದನ್ನು ನೋಡಿದರೆ ಅವರು ಹಿಂದೆ ಸರಿಯುತ್ತಾರೆ. ಕೈಲಾದರೆ ಪೂರ್ತಿ ಕಟ್ಟಿ, ಬಾಕಿ ಇಲ್ಲ ಎಂಬ ಪತ್ರವನ್ನು ಬರೆಸಿಕೊಳ್ಳಿ. ಆಗದಿದ್ದರೆ ಸೆಟಲ್‌ಮೆಂಟ್ ಕೂಡ ಒಂದು ದಾರಿಯೇ. ಆದರೆ ಅದರ ಬೆಲೆ ಏನೆಂದು ಗೊತ್ತಿದ್ದೇ ಸಹಿ ಹಾಕಿ.

ಯಾವ ಕಾರ್ಡ್ ಕೇಳಬೇಕು?

ಸ್ಕೋರ್ ಕೆಳಗಿರುವಾಗ ಮಾಮೂಲಿ ಕಾರ್ಡಿಗೆ ಒಂದರ ಮೇಲೊಂದು ಅರ್ಜಿ ಹಾಕುವುದು ಎಲ್ಲಕ್ಕಿಂತ ಕೆಟ್ಟ ಕೆಲಸ. ಪ್ರತಿ ಅರ್ಜಿಗೂ ಬ್ಯಾಂಕ್ ನಿಮ್ಮ ವರದಿ ತರಿಸುತ್ತದೆ, ಆ ವಿಚಾರಣೆ ದಾಖಲಾಗುತ್ತದೆ, ಸ್ಕೋರ್ ಇನ್ನಷ್ಟು ಜಾರುತ್ತದೆ. ಇವರಿಗೆ ದುಡ್ಡಿನ ತುರ್ತು ಇದೆ ಎಂದು ಎದುರಿನವರು ಅಂದುಕೊಳ್ಳುತ್ತಾರೆ.

ಇದಕ್ಕಿಂತ ಠೇವಣಿ ಇಟ್ಟು ಪಡೆಯುವ ಕಾರ್ಡ್ ಒಳ್ಳೆಯದು. ಬ್ಯಾಂಕಿನಲ್ಲಿ ಎಫ್‌ಡಿ ಇಡುತ್ತೀರಿ, ಅದರ ಮೇಲೆ ಕಾರ್ಡ್ ಕೊಡುತ್ತಾರೆ. ಲಿಮಿಟ್ ಠೇವಣಿಯಷ್ಟೇ ಅಥವಾ ಸ್ವಲ್ಪ ಕಡಿಮೆ ಇರುತ್ತದೆ. ಬ್ಯಾಂಕಿಗೆ ಭದ್ರತೆ ಇರುವುದರಿಂದ ಹಳೆಯ ಸ್ಕೋರ್ ಅಷ್ಟಾಗಿ ಅಡ್ಡ ಬರುವುದಿಲ್ಲ. ಎಫ್‌ಡಿಗೆ ಬಡ್ಡಿಯೂ ಬರುತ್ತಿರುತ್ತದೆ. ತುರ್ತಿಗೆಂದು ಎತ್ತಿಟ್ಟ ಹಣವನ್ನು ಮಾತ್ರ ಇದಕ್ಕೆ ಇಡಬೇಡಿ, ಏಕೆಂದರೆ ಕಾರ್ಡ್ ಇರುವಷ್ಟು ದಿನ ಅದನ್ನು ತೆಗೆಯಲು ಆಗುವುದಿಲ್ಲ.

ಠೇವಣಿ ಇದೆಯಲ್ಲ, ಬಿಲ್ ಅದರಲ್ಲೇ ಮುರಿದುಕೊಳ್ಳುತ್ತಾರೆ ಎಂದು ಕೆಲವರು ಸುಮ್ಮನಿರುತ್ತಾರೆ. ಇದು ದೊಡ್ಡ ತಪ್ಪು ತಿಳಿವಳಿಕೆ. ಠೇವಣಿ ಇರುವುದು ಬ್ಯಾಂಕಿನ ನಷ್ಟ ತುಂಬಲು. ಬಿಲ್ ನೀವೇ ಕಟ್ಟಬೇಕು. ಕಟ್ಟದಿದ್ದರೆ ಠೇವಣಿಯೂ ಹೋಗುತ್ತದೆ, ತಡ ಮಾಡಿದ ದಾಖಲೆಯೂ ಉಳಿಯುತ್ತದೆ.

ಅರ್ಜಿ ಹಾಕುವಾಗ ವಾರ್ಷಿಕ ಶುಲ್ಕ ಎಷ್ಟು, ಈ ಕಾರ್ಡಿನ ವಿವರ ಬ್ಯೂರೋಗಳಿಗೆ ಹೋಗುತ್ತದೆಯೇ ಎಂದು ಕೇಳಿ. ಹೋಗದಿದ್ದರೆ ಆ ಕಾರ್ಡ್ ಈ ಕೆಲಸಕ್ಕೆ ಬರುವುದಿಲ್ಲ. ಡೆಬಿಟ್ ಕಾರ್ಡ್, ಪ್ರಿಪೇಯ್ಡ್ ಕಾರ್ಡುಗಳಿಂದಲೂ ಸ್ಕೋರ್ ಏಳುವುದಿಲ್ಲ. ಅಲ್ಲಿ ಖರ್ಚಾಗುವುದು ನಿಮ್ಮದೇ ದುಡ್ಡು, ಸಾಲವಲ್ಲ.

ಎರಡು ತಾರೀಖು, ಎರಡು ಬೇರೆ ಕೆಲಸ

ಈ ಭಾಗವನ್ನು ನಿಧಾನವಾಗಿ ಓದಿ. ಕಾರ್ಡಿಗೆ ಎರಡು ಮುಖ್ಯ ತಾರೀಖುಗಳಿವೆ. ಒಂದು, ಬಿಲ್ ತಯಾರಾಗುವ ದಿನ. ಇನ್ನೊಂದು, ಹಣ ಕಟ್ಟಲು ಕೊನೆಯ ದಿನ. ಹೆಚ್ಚಿನವರು ಎರಡನೆಯದನ್ನು ಮಾತ್ರ ನೆನಪಿಡುತ್ತಾರೆ. ಆದರೆ ಬ್ಯೂರೋಗೆ ಹೋಗುವ ಬಾಕಿ ಮೊತ್ತ ಹಲವು ಬಾರಿ ಬಿಲ್ ತಯಾರಾದ ದಿನ ಇದ್ದದ್ದು.

ಕಾರ್ಡಿನ ಲಿಮಿಟ್ 10,000 ಎಂದುಕೊಳ್ಳಿ. ನೀವು 9,000 ಖರ್ಚು ಮಾಡಿ, ಗಡುವಿನೊಳಗೆ ಪೂರ್ತಿ ಕಟ್ಟಿದಿರಿ. ಒಂದು ಪೈಸೆ ಬಡ್ಡಿ ಬೀಳಲಿಲ್ಲ. ಆದರೂ ಬಿಲ್ ದಿನ 9,000 ಬಾಕಿ ಇತ್ತಲ್ವಾ? ಬ್ಯೂರೋಗೆ ಕಂಡಿದ್ದು ಶೇ 90ರಷ್ಟು ಲಿಮಿಟ್ ಬಳಸಿದ ಮನುಷ್ಯ. ಅದೇ ನೀವು ಬಿಲ್ ಆಗುವ ಒಂದೆರಡು ದಿನ ಮೊದಲೇ 8,000 ಕಟ್ಟಿದ್ದರೆ ಬಿಲ್‌ನಲ್ಲಿ 1,000 ಮಾತ್ರ ಇರುತ್ತಿತ್ತು, ಅಂದರೆ ಶೇ 10. ಖರ್ಚು ಅಷ್ಟೇ, ದುಡ್ಡು ಅದೇ, ದಾಖಲೆ ಮಾತ್ರ ಬೇರೆ.

ಲಿಮಿಟ್ಟಿನ ಶೇ 30ನ್ನು ದಾಟಬೇಡಿ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ನನ್ನ ಮಾತು ಕೇಳುವುದಾದರೆ ಶೇ 10ರ ಹತ್ತಿರ ಇಟ್ಟುಕೊಳ್ಳಿ. ಲಿಮಿಟ್ ಚಿಕ್ಕದಿರುವಾಗ ಒಂದೇ ಖರೀದಿ ಲೆಕ್ಕವನ್ನೆಲ್ಲ ಏರುಪೇರು ಮಾಡಿಬಿಡುತ್ತದೆ. ಮೊಬೈಲ್ ರೀಚಾರ್ಜ್, ಕರೆಂಟ್ ಬಿಲ್‌ನಂಥ ಹೇಗಿದ್ದರೂ ಆಗುವ ಒಂದೆರಡು ಖರ್ಚನ್ನು ಈ ಕಾರ್ಡಿಗೆ ಹಾಕಿ, ಉಳಿದದ್ದನ್ನು ಮುಂಚಿನಂತೆ ಮಾಡಿ. ಹಾಗೆಂದು ಕಾರ್ಡನ್ನು ಬೀರುವಿನಲ್ಲಿಟ್ಟು ಮರೆಯಬೇಡಿ. ಭಾರತದಲ್ಲಿ ಒಂದು ವರ್ಷಕ್ಕಿಂತ ಹೆಚ್ಚು ಕಾಲ ಬಳಸದ ಕಾರ್ಡನ್ನು ಬ್ಯಾಂಕ್ ನಿಮಗೆ ತಿಳಿಸಿ ಮುಚ್ಚಬಹುದು.

ಅಮೆರಿಕದಲ್ಲಿ ಹೆಚ್ಚು ಬಳಕೆಯಲ್ಲಿರುವ ಫೈಕೊ ಎಂಬ ಕ್ರೆಡಿಟ್ ಸ್ಕೋರಿನಲ್ಲಿ ಪಾವತಿ ಇತಿಹಾಸಕ್ಕೆ ಶೇ 35, ಬಾಕಿ ಮೊತ್ತಕ್ಕೆ ಶೇ 30 ತೂಕ. ಅಂದರೆ ಹೆಚ್ಚುಕಡಿಮೆ ಮೂರರಲ್ಲಿ ಎರಡು ಪಾಲು ಈ ಎರಡು ತಾರೀಖುಗಳ ಸುತ್ತಲೇ ಇದೆ. ಬೇರೆ ಸ್ಕೋರುಗಳ ಲೆಕ್ಕ ಇದೇ ಅಲ್ಲದಿದ್ದರೂ ಮುಖ್ಯ ಅಂಶಗಳು ಇವೇ.

ಮಿನಿಮಮ್ ಡ್ಯೂ ಕಟ್ಟಿದರೆ ಸಾಕಾ?

ಸಾಲದು. ಕನಿಷ್ಠ ಮೊತ್ತ ಕಟ್ಟಿದರೆ ತಡ ಶುಲ್ಕ ತಪ್ಪುತ್ತದೆ, ಪಾವತಿ ಸಮಯಕ್ಕೆ ಬಂತು ಎಂದೂ ದಾಖಲಾಗುತ್ತದೆ. ಆದರೆ ಉಳಿದ ಬಾಕಿಗೆ ಬಡ್ಡಿ ಶುರುವಾಗುತ್ತದೆ. ಮುಂದಿನ ಹೊಸ ಖರೀದಿಗಳಿಗೂ ಬಡ್ಡಿಯಿಲ್ಲದ ದಿನಗಳು ಸಿಗುವುದಿಲ್ಲ.

ಲೆಕ್ಕ ಹಾಕಿ ನೋಡಿ. 10,000 ಬಾಕಿ ಇದೆ, ಬಡ್ಡಿ ತಿಂಗಳಿಗೆ ಶೇ 3.5, ಕನಿಷ್ಠ ಮೊತ್ತ ಶೇ 5 ಎನ್ನಿ. ನೀವು ಕಟ್ಟುವ 500ರಲ್ಲಿ 350 ಬಡ್ಡಿಗೇ ಹೋಯಿತು. ಅಸಲಿಗೆ ಹೋದದ್ದು 150. ತಿಂಗಳಿಗೆ ಶೇ 3.5 ಎಂದರೆ ಕಡಿಮೆ ಅನ್ನಿಸುತ್ತದೆ, ವರ್ಷಕ್ಕೆ ಅದು ಶೇ 42. ಒಮ್ಮೆ ಮುರಿದುಬಿದ್ದವರನ್ನು ಮತ್ತೆ ಕೆಳಗೆಳೆಯುವುದು ಇದೇ.

ಸ್ವಲ್ಪ ಬಾಕಿ ಉಳಿಸಿಕೊಂಡು ಬಡ್ಡಿ ಕಟ್ಟಿದರೆ ಸ್ಕೋರ್ ಬೇಗ ಏರುತ್ತದೆ ಎಂಬ ಮಾತು ಎಲ್ಲೆಡೆ ಓಡಾಡುತ್ತಿದೆ. ಅದು ಸುಳ್ಳು. ನೀವು ಎಷ್ಟು ಬಡ್ಡಿ ಕಟ್ಟಿದಿರಿ ಎಂಬುದು ಸ್ಕೋರಿನ ಲೆಕ್ಕಕ್ಕೆ ಬರುವುದೇ ಇಲ್ಲ. ಬಿಲ್‌ನಲ್ಲಿ ಬಂದದ್ದನ್ನು ಪೂರ್ತಿ ಕಟ್ಟಿ, ಪ್ರತಿ ತಿಂಗಳೂ.

ಎಟಿಎಂನಲ್ಲಿ ಕ್ರೆಡಿಟ್ ಕಾರ್ಡ್ ಹಾಕಿ ಹಣ ತೆಗೆಯುವುದಂತೂ ಬೇಡ. ಅದಕ್ಕೆ ತೆಗೆದ ದಿನದಿಂದಲೇ ಬಡ್ಡಿ, ಮೇಲೆ ಶುಲ್ಕ.

ನೆನಪಿನ ಮೇಲೆ ಬಿಡಬೇಡಿ

ಉಳಿತಾಯ ಖಾತೆಯಿಂದ ಕಾರ್ಡ್ ಬಿಲ್ ತಾನಾಗಿಯೇ ಕಟ್ಟಿಹೋಗುವಂತೆ ಆಟೊ ಪೇ ಹಾಕಿ. ಅದರಲ್ಲಿ ‘ಕನಿಷ್ಠ ಮೊತ್ತ’, ‘ಪೂರ್ತಿ ಮೊತ್ತ’ ಎಂಬ ಎರಡು ಆಯ್ಕೆ ಇರುತ್ತವೆ. ಪೂರ್ತಿ ಮೊತ್ತವನ್ನೇ ಆರಿಸಿ. ಆ ದಿನ ಖಾತೆಯಲ್ಲಿ ಹಣ ಇರುವಂತೆ ನೋಡಿಕೊಳ್ಳಿ. ಸಂಬಳ ಬರುವ ದಿನಕ್ಕೂ ಗಡುವಿಗೂ ಹೊಂದುತ್ತಿಲ್ಲವೇ? ಬಿಲ್ ದಿನ ಬದಲಿಸಿಕೊಡಿ ಎಂದು ಬ್ಯಾಂಕನ್ನು ಕೇಳಬಹುದು. ಭಾರತದಲ್ಲಿ ಗಡುವು ಮುಗಿದು 3 ದಿನ ದಾಟಿದ ಮೇಲಷ್ಟೇ ತಡ ಶುಲ್ಕ ಹಾಕಬೇಕು, ಬ್ಯೂರೋಗೆ ತಿಳಿಸಬೇಕು ಎಂಬ ನಿಯಮ ಇದೆ. ಕೈ ತಪ್ಪಿದ ದಿನಕ್ಕೆ ಇದು ಆಸರೆ. ಇದನ್ನೇ ನಿಮ್ಮ ಗಡುವು ಮಾಡಿಕೊಳ್ಳಬೇಡಿ.

ಆಮೇಲೆ ಕಾಯಬೇಕು

ಕೆಲವೇ ವಾರಗಳಲ್ಲಿ ಸ್ಕೋರ್ ಜಿಗಿಯುವುದಿಲ್ಲ. ಬಾಕಿಯ ಪ್ರಮಾಣ ಇಳಿದರೆ ಒಂದೆರಡು ತಿಂಗಳಲ್ಲೇ ಸ್ವಲ್ಪ ಚಲನೆ ಕಾಣಬಹುದು. ಪಾವತಿ ಇತಿಹಾಸದ ಗಾಯ ಮಾಯಲು ಹೆಚ್ಚು ಸಮಯ ಬೇಕು. ಅಮೆರಿಕದಲ್ಲಿ ತಡ ಪಾವತಿಯ ದಾಖಲೆ 7 ವರ್ಷ ಇರುತ್ತದೆ. ಆದರೆ ಅದು ಹಳೆಯದಾದಂತೆ, ಅದರ ಮೇಲೆ ಹೊಸ ಒಳ್ಳೆಯ ತಿಂಗಳುಗಳು ಕೂಡಿದಂತೆ ಅದರ ತೂಕ ಕಡಿಮೆಯಾಗುತ್ತದೆ. ಪ್ರತಿ ದಿನ ಸ್ಕೋರ್ ನೋಡಿ ಬೇಸರ ಪಡಬೇಡಿ. ಎರಡು ಮೂರು ತಿಂಗಳಿಗೊಮ್ಮೆ ನೋಡಿದರೆ ಸಾಕು. ಈ ನಡುವೆ ಇನ್ನೊಂದು ಕಾರ್ಡಿಗೋ ಸಣ್ಣ ಸಾಲದ ಆ್ಯಪ್‌ಗೋ ಕೈ ಹಾಕಬೇಡಿ.

ಠೇವಣಿ ವಾಪಸ್ ಪಡೆಯುವಾಗ

ವರ್ಷ, ಒಂದೂವರೆ ವರ್ಷ ತಪ್ಪದೆ ಕಟ್ಟಿದ ಮೇಲೆ ಇದೇ ಕಾರ್ಡನ್ನು ಠೇವಣಿ ಇಲ್ಲದ ಮಾಮೂಲಿ ಕಾರ್ಡಾಗಿ ಬದಲಿಸಿಕೊಡುತ್ತೀರಾ ಎಂದು ಕೇಳಿ. ಎಲ್ಲ ಬ್ಯಾಂಕುಗಳೂ ಒಪ್ಪುವುದಿಲ್ಲ. ಒಪ್ಪಿದರೆ ಅದೇ ಒಳ್ಳೆಯದು, ಕಾರ್ಡಿನ ವಯಸ್ಸು ಉಳಿಯುತ್ತದೆ. ಒಪ್ಪದಿದ್ದರೆ ಮೊದಲು ಹೊಸ ಕಾರ್ಡ್ ಕೈಗೆ ಬರಲಿ, ಹಳೆಯದನ್ನು ಆಮೇಲೆ ಮುಚ್ಚಿ. ಮುಚ್ಚುವ ಮೊದಲು ಒಂದು ರೂಪಾಯಿಯೂ ಬಾಕಿ ಇರಬಾರದು. ಈ ಕಾರ್ಡಿನಿಂದ ತಾನಾಗಿಯೇ ಕಟ್ಟುವಂತೆ ಜೋಡಿಸಿದ್ದ ಬಿಲ್‌ಗಳನ್ನೆಲ್ಲ ಬೇರೆ ಕಡೆಗೆ ಬದಲಿಸಿ. ಬಾಕಿ ಇಲ್ಲದಿದ್ದರೆ ಭಾರತದಲ್ಲಿ ಬ್ಯಾಂಕ್ 7 ಕೆಲಸದ ದಿನದೊಳಗೆ ಕಾರ್ಡ್ ಮುಚ್ಚಿಕೊಡಬೇಕು. ತಡವಾದರೆ ದಿನಕ್ಕೆ 500 ರೂಪಾಯಿ ನಿಮಗೆ ಕೊಡಬೇಕು. ಎಫ್‌ಡಿ ಮೇಲಿನ ಹಿಡಿತ ತೆಗೆದಿದ್ದಾರೆಯೇ ಎಂದು ಕೇಳಿ ಖಚಿತ ಮಾಡಿಕೊಳ್ಳಿ. ಒಂದೆರಡು ತಿಂಗಳ ನಂತರ ಮತ್ತೊಮ್ಮೆ ವರದಿ ತರಿಸಿ, ಆ ಕಾರ್ಡಿನ ಮುಂದೆ ‘ಕ್ಲೋಸ್ಡ್’ ಎಂದೂ ಬಾಕಿ ಸೊನ್ನೆ ಎಂದೂ ಇದೆಯೇ ನೋಡಿ. ಇಲ್ಲದಿದ್ದರೆ ಬ್ಯಾಂಕಿನ ಪತ್ರವನ್ನು ಜೋಡಿಸಿ ಬ್ಯೂರೋಗೆ ದೂರು ಕೊಡಿ.