ಕಾರ್ಗಿಲ್ ದಿನಗಳಲ್ಲಿ ನಾವು ಪೇಪರ್ ಓದಿದ ಬಗೆ

1999ರಲ್ಲಿ ನಾನು ಸೇನೆಯ ಲಾರಿ ಚಾಲಕ. ಶ್ರೀನಗರದ ಕಡೆಯಿಂದ ಜೋಜಿಲಾ ಕಣಿವೆದಾರಿ ದಾಟಿ ದ್ರಾಸ್‌ಗೆ ರೇಷನ್, ಗುಂಡು ಮುಟ್ಟಿಸುವ ಕೆಲಸ. ಅಲ್ಲಿನ ರಸ್ತೆ ಶಿಖರಗಳ ಮೇಲೆ ಕುಳಿತ ವೈರಿಯ ಕಣ್ಣಿಗೆ ನೇರ ಬೀಳುತ್ತಿತ್ತು. ರಾತ್ರಿ ಹೆಡ್‌ಲೈಟ್ ಆರಿಸಿಕೊಂಡು ಹೋಗುತ್ತಿದ್ದೆವು. ಫಿರಂಗಿ ಸದ್ದು ಕೇಳುತ್ತಿತ್ತು, ಯಾವ ಗುಡ್ಡ ಯಾರ ಕೈಯಲ್ಲಿದೆ ಎಂಬುದು ಮಾತ್ರ ತಿಳಿಯುತ್ತಿರಲಿಲ್ಲ. ಅದನ್ನು ಪೇಪರ್ ನೋಡಿಯೇ ತಿಳಿಯಬೇಕಿತ್ತು.

ಹಿಂದಿ, ಇಂಗ್ಲಿಷ್ ಪತ್ರಿಕೆಗಳು ನಮ್ಮ ಲಾರಿಯಲ್ಲೇ ಬರುತ್ತಿದ್ದವು. ಕನ್ನಡದ್ದು ಮನೆಯಿಂದ ಬರಬೇಕು. ಬೈಲಹೊಂಗಲ ತಾಲೂಕಿನ ನಮ್ಮೂರಿನಿಂದ ನನ್ನ ತಮ್ಮ ‘ಸಂಯುಕ್ತ ಕರ್ನಾಟಕ’ ಸುರುಳಿ ಸುತ್ತಿ, ನನ್ನ ನಂಬರು, ಹೆಸರು, ಯೂನಿಟ್ ಬರೆದು 56 ಎಪಿಒ ಎಂಬ ಸೇನಾ ಅಂಚೆಯ ವಿಳಾಸಕ್ಕೆ ಹಾಕುತ್ತಿದ್ದ. “ಅಣ್ಣಾ, ಪೇಪರ್‌ನ್ಯಾಗ ದ್ರಾಸ್ ಅಂತ ಬರಾಕತ್ತೈತಿ, ನೀ ಅಲ್ಲೇ ಅದಿಯೇನು?” ಎಂದು ಪತ್ರದಲ್ಲಿ ಕೇಳಿದ. ಜಾಗದ ಹೆಸರು ಬರೆಯುವಂತಿರಲಿಲ್ಲ. “ಆರಾಮ ಅದೀನಿ” ಎಂದಷ್ಟೇ ಬರೆದೆ.

ಪೇಪರ್ ಕೈಗೆ ಬಂದೊಡನೆ ತಾರೀಕು ನೋಡುತ್ತಿದ್ದೆ. ಆಮೇಲೆ ಸುದ್ದಿ ಹೇಳಿದವರು ಯಾರು ಎಂಬುದು. ‘ಸೇನಾ ವಕ್ತಾರರು’ ಎಂದಿದ್ದರೆ ಒಂದು ತೂಕ. ‘ಬಲ್ಲ ಮೂಲಗಳು’ ಎಂದಿದ್ದರೆ ರಾತ್ರಿ ಆಕಾಶವಾಣಿ ವಾರ್ತೆ ಕೇಳುವವರೆಗೆ ಯಾರಿಗೂ ಹೇಳುತ್ತಿರಲಿಲ್ಲ. ಹುತಾತ್ಮರ ಹೆಸರುಗಳನ್ನು ಗಟ್ಟಿಯಾಗಿ ಓದಲೇಬಾರದು. ಮೊದಲು ಮನಸ್ಸಿನಲ್ಲೇ ಓದಿ, ನಮ್ಮಲ್ಲಿ ಯಾರ ಊರಿನವನೋ ಸಂಬಂಧಿಕನೋ ಇದ್ದರೆ ಹವಾಲ್ದಾರ್ ಸಾಹೇಬರಿಗೆ ತಿಳಿಸುತ್ತಿದ್ದೆ. ಅವರೇ ಆತನನ್ನು ಪಕ್ಕಕ್ಕೆ ಕರೆದು ಹೇಳುತ್ತಿದ್ದರು. ಈ ಪದ್ಧತಿಯನ್ನು ನಾನು ಒಮ್ಮೆಯೂ ಬಿಟ್ಟಿಲ್ಲ.

ರೇಡಿಯೋ ಕೊಡಲಾರದ್ದೊಂದು ಪೇಪರಿನಲ್ಲಿತ್ತು: ನಕ್ಷೆ. ಜೂನ್ 13ರಂದು ತೋಲೋಲಿಂಗ್ ನಮ್ಮ ವಶವಾಯಿತೆಂದು ರೇಡಿಯೋ ಹೇಳಿದಾಗ ಸಂತೋಷಪಟ್ಟೆವು. ಆ ಶಿಖರ ನಮ್ಮ ರಸ್ತೆಯ ನೆತ್ತಿಯ ಮೇಲೇ ಇದೆ ಎಂಬುದು ಪೇಪರಿನ ನಕ್ಷೆ ಕಂಡಾಗಲೇ ಹೊಳೆದದ್ದು. ಚಾಲಕರೆಲ್ಲ ಅದರ ಸುತ್ತ ಬಗ್ಗಿ ನಿಂತೆವು. ಜುಲೈ 4ರಂದು ಟೈಗರ್ ಹಿಲ್ ಗೆದ್ದ ಸುದ್ದಿ ಬಂದಾಗ ಅದೇ ನಕ್ಷೆ ತೆಗೆದು ಹುಡುಕಿದೆವು.

ಕೆಲ ದಿನ ನನ್ನ ತಮ್ಮ ಯುದ್ಧದ ಪುಟಗಳನ್ನಷ್ಟೇ ಕಳಿಸಿದ, ಭಾರ ಕಡಿಮೆಯಾಗಲೆಂದು. ಆದರೆ ನನಗೆ ನವಿಲುತೀರ್ಥ ಅಣೆಕಟ್ಟಿಗೆ ನೀರು ಎಷ್ಟು ಬಂತು, ಹತ್ತಿಯ ದರವೇನು ಎಂಬುದೂ ಬೇಕಿತ್ತು. ಜೂನ್ 8ರಂದು ಮ್ಯಾಂಚೆಸ್ಟರ್‌ನಲ್ಲಿ ಪಾಕಿಸ್ತಾನವನ್ನು 47 ರನ್‌ಗಳಿಂದ ಸೋಲಿಸಿದೆವಲ್ಲ, ನಮ್ಮ ವೆಂಕಟೇಶ ಪ್ರಸಾದ್ 27 ರನ್ ಕೊಟ್ಟು 5 ವಿಕೆಟ್ ಕಿತ್ತಿದ್ದರು. ಆ ವರದಿಯನ್ನು ಕನ್ನಡದಲ್ಲಿ ಓದಿ ಹಿಂದಿಯಲ್ಲಿ ಹೇಳುತ್ತಿದ್ದರೆ ಪಂಜಾಬಿ, ಗಢವಾಲಿ ಗೆಳೆಯರು ಮತ್ತೆ ಮತ್ತೆ ಓದಿಸಿದರು. ಆವತ್ತೇ ತಮ್ಮನಿಗೆ ಬರೆದೆ: “ಒಂದು ಹಾಳೀನೂ ತಗೀಬ್ಯಾಡ, ಇಡೀ ಪೇಪರ್ ಕಳಸು.”