ಅನ್ನನಾಳದ ಆಪರೇಷನ್ ನಂತರ ಲೀಕ್: ಬೇಗ ಹಿಡಿಯುವುದು ಹೇಗೆ

ಕೀಮೋ, ರೇಡಿಯೇಶನ್ ಎರಡೂ ಮುಗಿಸಿ ಬಂದ ಅನ್ನನಾಳ ಕ್ಯಾನ್ಸರ್ ರೋಗಿಯಲ್ಲಿ ನನಗೆ ಹೆಚ್ಚು ಚಿಂತೆ ಹಚ್ಚುವುದು ಜಠರದಿಂದ ಮಾಡಿದ ಕೊಳವೆಯನ್ನು ಉಳಿದ ಅನ್ನನಾಳಕ್ಕೆ ಹೊಲಿದ ಜಾಗ. ಆ ಹೊಲಿಗೆ ಸೋರುವುದೇ ಲೀಕ್. ರೇಡಿಯೇಶನ್‌ನಿಂದ ಲೀಕ್ ಹೆಚ್ಚುತ್ತದೆ ಎಂಬ ಭಯವಿತ್ತು. 2012ರ ಕ್ರಾಸ್ ಅಧ್ಯಯನದಲ್ಲಿ (41.4 ಗ್ರೇ ರೇಡಿಯೇಶನ್ 23 ಕಂತುಗಳಲ್ಲಿ, ಜೊತೆಗೆ ಐದು ವಾರ ಕಾರ್ಬೊಪ್ಲಾಟಿನ್–ಪ್ಯಾಕ್ಲಿಟ್ಯಾಕ್ಸೆಲ್ ಕೀಮೋ) ಹಾಗೇನೂ ಕಾಣಲಿಲ್ಲ: ಲೀಕ್ ಆದದ್ದು ಆಪರೇಷನ್‌ಗೆ ಮುನ್ನ ಇವೆರಡನ್ನೂ ಪಡೆದವರಲ್ಲಿ ಶೇ 22, ಬರೀ ಆಪರೇಷನ್ ಆದವರಲ್ಲಿ ಶೇ 30. ಹಾಗೆಂದು ನಿಶ್ಚಿಂತೆಯಿಂದ ಇರುವಂತಿಲ್ಲ. ಜಠರದ ಮೇಲ್ಭಾಗಕ್ಕೆ ಎಷ್ಟು ಡೋಸ್ ಬಿದ್ದಿದೆ ಎಂದು ರೇಡಿಯೇಶನ್ ಪ್ಲಾನ್ ತೆರೆಸಿ ನೋಡುತ್ತೇನೆ. ಹೆಚ್ಚು ಬಿದ್ದ ಭಾಗದಲ್ಲಿ ಹೊಲಿಗೆ ಹಾಕುವುದಿಲ್ಲ.

ಕೊಳವೆಯ ಅಗಲ ನಾಲ್ಕೈದು ಸೆಂಟಿಮೀಟರ್. ಅದಕ್ಕೆ ರಕ್ತ ಬರುವುದು ಮುಖ್ಯವಾಗಿ ಬಲ ಗ್ಯಾಸ್ಟ್ರೋಎಪಿಪ್ಲೋಯಿಕ್ ರಕ್ತನಾಳ ಒಂದರಿಂದಲೇ, ಹಾಗಾಗಿ ತುದಿಗೆ ತಲುಪುವುದು ಕಡಿಮೆ. ಕತ್ತರಿಸಿದ ಅಂಚಿನಿಂದ ಕೆಂಪು ರಕ್ತ ಒಸರಬೇಕು. ಕಪ್ಪುಗೆಂಪು ರಕ್ತ ನಿಧಾನವಾಗಿ ಬಂದರೆ, ಉದ್ದ ಸಾಕಾಗುವುದಿದ್ದರೆ, ಇನ್ನಷ್ಟು ಕೆಳಗೆ ಕತ್ತರಿಸುತ್ತೇನೆ. ಎಳೆತವಿರಬಾರದು, ಕೊಳವೆ ತಿರುಚಿರಬಾರದು.

ಲೀಕ್ ಬಹುಪಾಲು ಮೊದಲ ಹತ್ತು ದಿನಗಳಲ್ಲಿ ಗೊತ್ತಾಗುತ್ತದೆ. ಡ್ರೈನ್ (ಒಳಗಿನ ದ್ರವ ಹೊರತೆಗೆಯುವ ನಳಿಕೆ) ಬಣ್ಣ ಬದಲಾಗುವವರೆಗೆ ಕಾದರೆ ತಡವಾದಂತೆ. ಮೂರನೇ ದಿನ ಎದೆಬಡಿತ ಇದ್ದಕ್ಕಿದ್ದಂತೆ ಲಯ ತಪ್ಪಿ 140ಕ್ಕೆ ಏರಿದರೆ ಲಯ ಸರಿಪಡಿಸುವ ಅಮಿಯೊಡರೋನ್ ಕೊಟ್ಟು ಸುಮ್ಮನಾಗಬೇಡಿ, ಅದೇ ಲೀಕ್‌ನ ಮೊದಲ ಸುಳಿವಾಗಿರಬಹುದು. ರಕ್ತದಲ್ಲಿ ಉರಿಯೂತ ತೋರಿಸುವ ಸಿಆರ್‌ಪಿ ಮೂರನೇ ದಿನದ ನಂತರ ಇಳಿಯಬೇಕು; ಲೀಟರ್‌ಗೆ 150 ಮಿಗ್ರಾಂ ದಾಟಿ ಏರುತ್ತಲೇ ಇದ್ದರೆ ಬಾಯಿಂದ ಕಾಂಟ್ರಾಸ್ಟ್ (ಸ್ಕ್ಯಾನ್‌ನಲ್ಲಿ ಎದ್ದು ಕಾಣುವ ದ್ರವ) ಕೊಟ್ಟು ಸಿಟಿ ಮಾಡಿಸುತ್ತೇನೆ. ಸಿಟಿ ಸರಿಯಿದ್ದೂ ರೋಗಿ ಸರಿಯಿಲ್ಲದಿದ್ದರೆ ಅದೇ ದಿನ ಎಂಡೋಸ್ಕೋಪಿ. ಗಾಳಿ ಕಡಿಮೆ ಬಿಟ್ಟು, ಕೈ ಹಗುರವಾಗಿಟ್ಟು ಮಾಡಿದರೆ ಹೊಲಿಗೆ ಬಿಡುವ ಭಯ ಬೇಡ. ಕೊಳವೆಯ ತುದಿ ಬದುಕಿದೆಯೇ ಎಂಬುದು ಕಣ್ಣಾರೆ ಕಾಣುವುದು ಇದರಲ್ಲೇ.

ಹೊಲಿಗೆ ಕುತ್ತಿಗೆಯಲ್ಲಿದ್ದು ಅಲ್ಲಿ ಲೀಕ್ ಆದರೆ ಗಾಯ ತೆರೆದು ಡ್ರೆಸ್ಸಿಂಗ್ ಮಾಡಿದರೆ ಹೆಚ್ಚಾಗಿ ತಾನೇ ಮುಚ್ಚುತ್ತದೆ. ಎದೆಯೊಳಗಿನದಾದರೆ ಮೊದಲು ಕೀವು ಹೊರಗೆ ಬರಬೇಕು. ಡ್ರೈನ್ ಸರಿಯಿಲ್ಲದೆ ಬರೀ ಸ್ಟೆಂಟ್ (ರಂಧ್ರವನ್ನು ಒಳಗಿನಿಂದ ಮುಚ್ಚುವ ಜಾಲರಿ ಕೊಳವೆ) ಹಾಕಿದರೆ ಸೋಂಕು ಒಳಗೇ ಉಳಿಯುತ್ತದೆ. ಕೀವಿನ ಕುಹರವಿದ್ದರೆ ಅದನ್ನು ಹೀರಿ ತೆಗೆಯುವ ವ್ಯಾಕ್ಯೂಮ್ ಸ್ಪಾಂಜ್ ಇಟ್ಟು ಮೂರ್ನಾಲ್ಕು ದಿನಕ್ಕೊಮ್ಮೆ ಬದಲಿಸುತ್ತೇವೆ. ತಡಮಾಡಿದರೆ ಮಾಂಸ ಅದರೊಳಗೆ ಬೆಳೆದು ತೆಗೆಯುವಾಗ ರಕ್ತ ಸುರಿಯುತ್ತದೆ. ಕೊಳವೆ ಕಪ್ಪಾಗಿ ಸತ್ತಿದ್ದರೆ ಬೇರೆ ದಾರಿಯಿಲ್ಲ, ಮರು ಆಪರೇಷನ್. ಅಷ್ಟೂ ದಿನ ಆಹಾರ ಸಣ್ಣಕರುಳಿಗೆ ಹಾಕಿದ ಟ್ಯೂಬ್‌ನಿಂದ. ಅದನ್ನು ಮೊದಲ ಆಪರೇಷನ್‌ನಲ್ಲೇ ಹಾಕಿಡುವುದು ಒಳ್ಳೆಯದು.

ಟ್ಯೂಬ್‌ನಲ್ಲಿ ಆಹಾರ ಶುರುವಾದ ಮೇಲೆ ಎದೆಯ ಡ್ರೈನ್ ಹಾಲಿನಂತೆ ಬೆಳ್ಳಗಾದರೆ ಅದು ಹೊಲಿಗೆಯ ಲೀಕ್ ಅಲ್ಲ, ಕೈಲ್ (ಕರುಳಿನಿಂದ ಬರುವ ಕೊಬ್ಬು ತುಂಬಿದ ದ್ರವ). ದ್ರವದ ಟ್ರೈಗ್ಲಿಸರೈಡ್ (ಒಂದು ಬಗೆಯ ಕೊಬ್ಬು) ಡೆಸಿಲೀಟರ್‌ಗೆ 110 ಮಿಗ್ರಾಂ ದಾಟಿದರೆ ಖಚಿತ. ಕೊಬ್ಬು ನಿಲ್ಲಿಸಿಯೂ ದಿನಕ್ಕೆ ಒಂದು ಲೀಟರ್‌ಗಿಂತ ಹೆಚ್ಚು ಬರುತ್ತಿದ್ದರೆ, ರೋಗಿ ಸೊರಗುವ ಮುನ್ನ ಕೈಲ್ ಸಾಗಿಸುವ ನಾಳವಾದ ಥೊರಾಸಿಕ್ ಡಕ್ಟ್ ಕಟ್ಟಬೇಕು.