ಆರ್‌ಬಿಐ ರೆಪೋ ರೇಟ್ ಬದಲಾಯ್ಸಿದ್ರೆ ಹೋಮ್ ಲೋನ್ ಇರೋರು ಏನ್ ಮಾಡ್ಬೇಕು?

ಎರಡು ತಿಂಗಳಿಗೊಮ್ಮೆ ಬೆಳಿಗ್ಗೆ 10 ಗಂಟೆಗೆ ಆರ್‌ಬಿಐ ಗವರ್ನರ್ ಟಿವೀಲಿ ಬಂದು ರೆಪೋ ರೇಟ್ ಇಷ್ಟು ಅಂತ ಓದ್ತಾರಲ್ಲ, ಅದು ಷೇರು ಮಾರ್ಕೆಟ್‌ನೋರ ವಿಷಯ ಅಂತ ಚಾನೆಲ್ ತಿರುಗಿಸ್ಬೇಡಿ, ಫ್ಲೋಟಿಂಗ್ ರೇಟಲ್ಲಿ (ಅಂದ್ರೆ ಆಗಾಗ ಏರಿಳಿಯೋ ಬಡ್ಡೀಲಿ) ಮನೆ ಸಾಲ ಇದ್ರೆ ನೇರ ನಿಮ್ಮ ಜೇಬಿಗೇ ಬರೋ ಸುದ್ದಿ ಅದು.

ಬ್ಯಾಂಕ್‌ಗಳಿಗೇ ದುಡ್ಡು ಸಾಲದೇ ಬಂದಾಗ ಸರ್ಕಾರಿ ಬಾಂಡ್ ಅಡ ಇಟ್ಟು ಆರ್‌ಬಿಐ ಹತ್ರ ಸಾಲ ತಗೋತಾವೆ, ಅದರ ಬಡ್ಡೀನೇ ರೆಪೋ. ಹಣದುಬ್ಬರ 4% ಆಸುಪಾಸಲ್ಲಿ ಇರ್ಬೇಕು, 2ಕ್ಕಿಂತ ಕೆಳಗೆ 6ಕ್ಕಿಂತ ಮೇಲೆ ಹೋಗ್ಬಾರ್ದು ಅನ್ನೋದು ಆರ್‌ಬಿಐ ಗುರಿ. ಬೆಲೆ ಏರಿದ್ರೆ ರೆಪೋ ಏರಿಸ್ತಾರೆ, ಸಾಲ ದುಬಾರಿ ಆಗುತ್ತೆ, ಜನ ಖರ್ಚಿಗೆ ಕಡಿವಾಣ ಹಾಕ್ತಾರೆ. (ಮಳೆ ಬಿದ್ದು ಟೊಮೆಟೊ ಹಾಳಾಗಿ ರೇಟ್ ಏರಿದ್ರೆ ರೆಪೋ ಏರಿಸಿ ಏನೂ ಪ್ರಯೋಜನ ಆಗಲ್ಲ ಬಿಡಿ.) 2022ರ ಮೇಗೆ ಮುಂಚೆ ರೆಪೋ 4% ಇದ್ದಿದ್ದು 2023ರ ಫೆಬ್ರವರಿ ಹೊತ್ತಿಗೆ 6.5% ಆಗಿತ್ತು, ಆಮೇಲೆ 2025ರ ಜೂನ್‌ಗೆ 5.5%ಕ್ಕೆ ಇಳೀತು.

ಈಗ ನಿಮ್ಮ ಕೆಲ್ಸ. ಸ್ಯಾಂಕ್ಷನ್ ಲೆಟರ್ (ಸಾಲ ಮಂಜೂರಾದಾಗ ಕೊಟ್ಟ ಪತ್ರ) ತೆಗೆದು ಬಡ್ಡಿ ಯಾವುದಕ್ಕೆ ಲಿಂಕ್ ಆಗಿದೆ ನೋಡಿ. 2019ರ ಅಕ್ಟೋಬರ್ ಮೇಲೆ ಬ್ಯಾಂಕಲ್ಲಿ ತಗೊಂಡ ಫ್ಲೋಟಿಂಗ್ ಲೋನ್ ಆದ್ರೆ ಸಾಮಾನ್ಯವಾಗಿ ರೆಪೋಗೇ ಲಿಂಕ್ ಇರುತ್ತೆ, ಮೂರು ತಿಂಗಳೊಳಗೆ ಒಂದ್ಸಲ ರೀಸೆಟ್, ಅಂದ್ರೆ ಬಡ್ಡಿ ಹೊಸ ರೇಟಿಗೆ ಬದಲಾಗ್ಲೇಬೇಕು. ಅದಕ್ಕೂ ಹಳೇದಾದ್ರೆ ಎಂಸಿಎಲ್‌ಆರ್ (ಬ್ಯಾಂಕ್ ತನ್ನ ಖರ್ಚು ಲೆಕ್ಕ ಹಾಕಿ ತಾನೇ ನಿಗದಿ ಮಾಡೋ ರೇಟ್) ಅಂತ ಇರ್ಬಹುದು, ಅದು ಆಮೆ ನಡಿಗೆಲಿ ಇಳಿಯುತ್ತೆ, ಬ್ರಾಂಚ್‌ಗೆ ಹೋಗಿ ರೆಪೋ ಲಿಂಕ್‌ಗೆ ಬದಲಾಯ್ಸಿ ಅಂತ ಅರ್ಜಿ ಕೊಡಿ, ಸ್ವಲ್ಪ ಚಾರ್ಜ್ ಬೀಳ್ಬಹುದು. ಹೌಸಿಂಗ್ ಫೈನಾನ್ಸ್ ಕಂಪನಿಗಳಿಗೆ ಈ ರೆಪೋ ಲಿಂಕ್ ನಿಯಮ ಇಲ್ಲ, ಅಲ್ಲಿ ಸಾಲ ಇದ್ರೆ ಕೇಳಿ ತಿಳ್ಕೊಳ್ಳಿ.

ರೇಟ್ ಇಳಿದಾಗ ಇಎಂಐ ಇಳಿಸ್ಬೇಕಾ ಅವಧಿ ಇಳಿಸ್ಬೇಕಾ ಅನ್ನೋದೇ ದೊಡ್ಡ ಪ್ರಶ್ನೆ. 30 ಲಕ್ಷ, 20 ವರ್ಷ, 8.5% ಅಂದ್ರೆ ಇಎಂಐ ಸುಮಾರು 26,035 ರೂಪಾಯಿ. ಶುರುವಲ್ಲೇ 7.5% ಆಯ್ತು ಅಂದ್ಕೊಳ್ಳಿ, ಇಎಂಐ 24,168ಕ್ಕೆ ಇಳಿಸ್ಕೋಬಹುದು, ಆದ್ರೆ ಹಳೇ 26,035ನೇ ಕಟ್ತಾ ಹೋದ್ರೆ ಸಾಲ 240 ತಿಂಗಳ ಬದಲು 205ಕ್ಕೇ ಮುಗಿಯುತ್ತೆ, ಇಎಂಐ ಇಳಿಸ್ಕೊಂಡಿದ್ದಕ್ಕೆ ಹೋಲಿಸಿದ್ರೆ ಬಡ್ಡೀಲಿ ಹತ್ರತ್ರ 4.8 ಲಕ್ಷ ಉಳಿಯುತ್ತೆ. ಕೈ ಬಿಗಿ ಇಲ್ಲ ಅಂದ್ರೆ ಇಎಂಐ ಮುಟ್ಬೇಡಿ ಅಂತೀನಿ ನಾನು.

ರೇಟ್ ಏರಿದಾಗ ಇನ್ನೂ ಹುಷಾರಾಗಿರಿ. ಸುಮ್ನಿದ್ರೆ ಎಷ್ಟೋ ಕಡೆ ಅವಧಿ ಎಳೆದುಬಿಡ್ತಾರೆ, ಇಎಂಐ ಅಷ್ಟೇ ಇರೋದ್ರಿಂದ ಗೊತ್ತೇ ಆಗಲ್ಲ, ರಿಟೈರ್ ಆದ್ಮೇಲೂ ಕಂತು ಕಟ್ತಿರ್ತೀರ. ಇಎಂಐ ಏರಿಸೋದಾ, ಅವಧಿ ಏರಿಸೋದಾ, ಸ್ವಲ್ಪ ಅಸಲು ಕಟ್ಟೋದಾ ಅನ್ನೋ ಆಯ್ಕೆ ನಿಮಗೇ ಕೊಡ್ಬೇಕು ಅಂತ 2023ರ ಆಗಸ್ಟಲ್ಲಿ ಆರ್‌ಬಿಐ ಹೇಳಿದೆ. ನಿಮ್ಮ ಹೆಸರಲ್ಲಿರೋ ಫ್ಲೋಟಿಂಗ್ ಹೋಮ್ ಲೋನ್‌ಗೆ ಮುಂಚೆನೇ ದುಡ್ಡು ಕಟ್ಟಿದ್ರೆ ದಂಡನೂ ಹಾಕೋ ಹಾಗಿಲ್ಲ.

ಅಪ್ಪ ಅಮ್ಮನ ಎಫ್‌ಡಿ ಲೆಕ್ಕ ಉಲ್ಟಾ. ರೇಟ್ ಇಳಿಯೋ ಸೂಚನೆ ಇದ್ರೆ ಮೊದ್ಲೇ ಉದ್ದ ಅವಧಿಗೆ ಹಾಕ್ಸಿಬಿಡಿ, ಹೊಸ ಎಫ್‌ಡಿಗೆ ಬಡ್ಡಿ ಇಳಿದ್ರೂ ಅವರದ್ದು ಮೆಚೂರ್ ಆಗೋವರೆಗೂ ಹಳೇ ರೇಟಲ್ಲೇ ಇರುತ್ತೆ.